ಅಟ್ಟದಿಂದ ಇಳಿದ ಟೂ-ಇನ್-ಒನ್: ಹದಿನಾಲ್ಕು ವಾರಗಳ ದುರಸ್ತಿ

ಮೇ ತಿಂಗಳ ಕೊನೆಯಲ್ಲಿ ಕಾರ್ಕಳದ ಹತ್ತಿರದ ನಮ್ಮ ಮನೆಯ ಅಟ್ಟದಿಂದ ಇಳಿಸಿದ ಟೇಪ್ ರೆಕಾರ್ಡರ್ ಸೆಪ್ಟೆಂಬರ್ ಮೊದಲ ವಾರದಲ್ಲಿ ಸರಿಯಾಗಿ ಹಾಡಿತು. ನಡುವಿನ ಹದಿನಾಲ್ಕು ವಾರಗಳಲ್ಲಿ ಎಲ್ಲಿ ತಪ್ಪಿದೆ, ಎಷ್ಟು ಕಾದೆ, ಎಷ್ಟು ಖರ್ಚಾಯಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಕರಾವಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥದೊಂದು ಸೆಟ್ ಕುಳಿತಿದೆ. ಅದನ್ನು ಇಳಿಸಿ ಒರೆಸಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಇದನ್ನು ಓದಿ ಎಂಬುದು ನನ್ನ ಕೋರಿಕೆ.

ಅಪ್ಪ 1983ರಲ್ಲಿ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾಗ ಕೊಂಡ ಸೆಟ್ ಇದು. ಎರಡು ಸ್ಪೀಕರು, ನಡುವೆ ಒಂದು ಕ್ಯಾಸೆಟ್, ಮೇಲೆ ರೇಡಿಯೊ, ಹಿಡಿಕೆ, ಎಂಟು ದಪ್ಪ ಸೆಲ್‌ಗಳ ಜಾಗ. ಇಂದಿನ ಮಕ್ಕಳು ಬೂಮ್‌ಬಾಕ್ಸ್ ಎನ್ನುವ ಇದಕ್ಕೆ ನಮ್ಮೂರಲ್ಲಿ ಟೂ-ಇನ್-ಒನ್ ಎಂದೇ ಹೆಸರು. ಗಲ್ಫಿನಿಂದ ಬಂದವರ ಮನೆಯಲ್ಲಿ ಕೊಡೆ, ಕಂಬಳಿ, ಅತ್ತರಿನ ಜೊತೆ ಇಳಿಯುತ್ತಿದ್ದ ಜಪಾನಿ ಸೆಟ್‌ಗಳಲ್ಲಿ ಇದೂ ಒಂದು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ನಲವತ್ತು ವರ್ಷ ದಾಟಿದ ಯಾವ ಸೆಟ್ಟನ್ನು ಬಿಚ್ಚಿದರೂ ಒಳಗೆ ಹೆಚ್ಚುಕಡಿಮೆ ಇದೇ ಕಥೆ: ಕರಗಿದ ರಬ್ಬರು, ಒಣಗಿದ ಗ್ರೀಸು, ಕಪ್ಪಗಾದ ತಾಮ್ರ.

ಇದನ್ನೇ ಸರಿಪಡಿಸಬೇಕೆಂದು ಹಟ ಹಿಡಿಯಲು ಕಾರಣ ಸೆಟ್ಟಿನ ಜೊತೆಗಿದ್ದ ಬಿಸ್ಕತ್ತಿನ ಡಬ್ಬ. ಅದರಲ್ಲಿ ಏಳು ಕ್ಯಾಸೆಟ್‌ಗಳಿದ್ದವು. 1986ರ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಅಪ್ಪ ರಜೆಗೆಂದು ಬಂದಿದ್ದಾಗ ಊರಿನ ದೇವಸ್ಥಾನದ ಚಾವಡಿಯಲ್ಲಿ ರಾತ್ರಿಯಿಡೀ ತಾಳಮದ್ದಳೆ, ಎಂದರೆ ವೇಷ ಕುಣಿತವಿಲ್ಲದೆ ಕುಳಿತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ನಡೆದಿತ್ತು. ಕರ್ಣಾರ್ಜುನರ ಕಾಳಗದ ಪ್ರಸಂಗ. ಕೊನೆಯ ಭಾಗದಲ್ಲಿ ಅಪ್ಪನದು ಶಲ್ಯನ ಅರ್ಥ, ಅಂದರೆ ಆ ಪಾತ್ರದ ಮಾತುಗಾರಿಕೆ. ಚಿಕ್ಕಪ್ಪ ಸೆಟ್ಟಿನ ಪಕ್ಕ ಕುಳಿತು, ನಲವತ್ತೈದು ನಿಮಿಷಕ್ಕೊಮ್ಮೆ ಮಗುಚಿ ಹಾಕುತ್ತ, ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಿದ್ದರು. ಚಿಕ್ಕಪ್ಪ ಈಗಿಲ್ಲ. ಕ್ಯಾಸೆಟ್‌ಗಳ ಮೇಲೆ ನೀಲಿ ಶಾಯಿಯಲ್ಲಿ ಒಂದರಿಂದ ಏಳರವರೆಗೆ ಅವರೇ ಬರೆದ ಅಂಕಿಗಳಿವೆ. ಅಪ್ಪನಿಗೆ ಈಗ 76. ಹಳೆಯ ಕ್ಯಾಸೆಟ್ ಪ್ಲೇಯರ್ ಒಂದನ್ನು ಕೊಂಡರೆ ಸಾಲದೇ ಎಂದು ಹಲವರು ಕೇಳಿದರು. ಸಾಲದು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಮಾಡಬೇಕಾದದ್ದು ಏನನ್ನೂ ಮಾಡದಿರುವುದು. ಸೆಟ್ಟಿನ ಹಿಂಬದಿಯಲ್ಲಿ ವೋಲ್ಟೇಜ್ ಆಯ್ಕೆಯ ಸಣ್ಣ ಗುಂಡಿಯಿತ್ತು. ಆ ಕಾಲದಲ್ಲಿ ಸೌದಿಯ ಅನೇಕ ಕಡೆ ಮನೆಗಳಿಗೆ ಬರುತ್ತಿದ್ದದ್ದು 127 ವೋಲ್ಟ್; ನಮ್ಮಲ್ಲಿ 230. ಗುಂಡಿ ಕಡಿಮೆ ವೋಲ್ಟಿನ ಸ್ಥಾನದಲ್ಲಿದ್ದರೆ ಪ್ಲಗ್ ಹಾಕಿದ ಕೆಲವೇ ಕ್ಷಣಗಳಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ನಮ್ಮದನ್ನು ಅಪ್ಪ ಊರಿಗೆ ತಂದ ದಿನವೇ ತಿರುಗಿಸಿ, ಮೇಲೆ ಅಂಟುಪಟ್ಟಿ ಹಚ್ಚಿದ್ದರು. ಕೆಲವು ಸೆಟ್‌ಗಳಲ್ಲಿ ಈ ಗುಂಡಿಯೇ ಇರುವುದಿಲ್ಲ, 110 ವೋಲ್ಟಿಗೆ ಮಾತ್ರ ಮಾಡಿರುತ್ತಾರೆ. ಹಾಗಿದ್ದರೆ ವೋಲ್ಟೇಜ್ ಇಳಿಸುವ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಹಿಂಬದಿಯ ಅಕ್ಷರಗಳನ್ನು ಟಾರ್ಚ್ ಹಿಡಿದು ಪೂರ್ತಿ ಓದಿ.

ಎರಡನೆಯ ಕೆಲಸ ಸೆಲ್‌ಗಳ ಪೆಟ್ಟಿಗೆ ತೆರೆಯುವುದು. ಯಾರೋ ಕೊನೆಯ ಬಾರಿ ಹಾಕಿದ್ದ ಸೆಲ್‌ಗಳು ಅಲ್ಲೇ ಒಡೆದು, ಬಿಳಿ–ಹಸಿರು ಪುಡಿ ಸ್ಪ್ರಿಂಗ್‌ಗಳನ್ನೆಲ್ಲ ತಿಂದಿತ್ತು. ಇಲ್ಲಿ ಒಂದು ಎಚ್ಚರಿಕೆ. ಈ ಕಲೆಗೆ ವಿನೆಗರ್ ಹಾಕಿ ಎಂದು ಹೆಚ್ಚಿನವರು ಹೇಳುತ್ತಾರೆ. ಅದು ಕ್ಷಾರೀಯ ಸೆಲ್‌ಗಳಿಗೆ ಸರಿ. ಆದರೆ ನಮ್ಮಲ್ಲಿ ಆಗ ಮನೆಮನೆಯಲ್ಲೂ ಬಳಕೆಯಲ್ಲಿದ್ದದ್ದು ಜಿಂಕ್–ಕಾರ್ಬನ್ ಸೆಲ್. ಅದು ಸೋರಿದಾಗ ಬರುವುದು ಆಮ್ಲೀಯ ರಸ. ಅದಕ್ಕೆ ಬೇಕಾದದ್ದು ಅಡುಗೆ ಸೋಡಾ. ನೀರಿನಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ನೊರೆಯೆದ್ದು ಕರಗುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಎರಡು ದಿನ ಒಣಗಿಸಬೇಕು. ಎರಡು ಸ್ಪ್ರಿಂಗ್‌ಗಳು ಮುಟ್ಟಿದರೆ ಮುರಿಯುವಷ್ಟು ಸವೆದಿದ್ದವು. ಕಾರ್ಕಳ ಪೇಟೆಯಲ್ಲಿ ಅರುವತ್ತು ರೂಪಾಯಿಗೆ ಒಂದು ಕೆಟ್ಟ ಟಾರ್ಚ್ ಕೊಂಡು ಅದರ ಸ್ಪ್ರಿಂಗ್‌ಗಳನ್ನು ಕಿತ್ತು ಜೋಡಿಸಿದೆ.

ನಾನಿರುವುದು ಬೆಂಗಳೂರಿನಲ್ಲಿ. ಜೂನ್ ಮೊದಲ ವಾರ ಸೆಟ್ಟನ್ನು ಕಂಬಳಿಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಘಟ್ಟ ಹತ್ತಿದೆ. ಡಿಕ್ಕಿಯಲ್ಲಿ ಹಾಕಲು ಮನಸ್ಸು ಒಪ್ಪಲಿಲ್ಲ. ಕ್ಯಾಸೆಟ್‌ಗಳನ್ನು ಬೇರೆ ಚೀಲದಲ್ಲಿ ಇಟ್ಟಿದ್ದೆ; ಸ್ಪೀಕರಿನ ಅಯಸ್ಕಾಂತದ ಪಕ್ಕ ಅವನ್ನು ಇಡಬಾರದು.

ಮೊದಲು ಒಂದು ರಿಪೇರಿ ಅಂಗಡಿಗೆ ಹೋದೆ. ಹೊರಗಿನಿಂದಲೇ ನೋಡಿ ಬಿಡಿಭಾಗ ಸಿಗುವುದಿಲ್ಲ, ಬಿಟ್ಟುಬಿಡಿ ಎಂದರು. ಇನ್ನೊಂದು ಕಡೆ ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಬೋರ್ಡ್ ಕೂರಿಸಿಕೊಡುತ್ತೇವೆ, ನೋಡಲು ಹಾಗೇ ಇರುತ್ತದೆ ಎಂದರು. ನನಗೆ ಬೇಕಾದದ್ದು ಅದರ ಒಳಗಿನದೇ. ಆ ದಿನ ಮನೆಗೆ ಬಂದು, ಬೆಸುಗೆ ಹಾಕುವುದನ್ನು ಡಿಪ್ಲೊಮಾ ಓದುವಾಗ ಕಲಿತಿದ್ದೇನಲ್ಲ, ನಾನೇ ಮಾಡುತ್ತೇನೆ ಎಂದು ನಿರ್ಧರಿಸಿದೆ.

ಬಿಚ್ಚುವ ದಿನ ಒಂದು ಇಡೀ ಭಾನುವಾರವನ್ನು ಎತ್ತಿಡಿ. ಹಿಂಬದಿಯ ಪ್ಲಾಸ್ಟಿಕ್ಕಿನಲ್ಲಿ ಯಾವ ಸ್ಕ್ರೂಗಳನ್ನು ತೆಗೆಯಬೇಕೋ ಅವುಗಳ ಪಕ್ಕ ಸಣ್ಣ ಬಾಣದ ಗುರುತು ಇರುತ್ತದೆ. ನಮ್ಮದರಲ್ಲಿ ಅಂಥವು ಆರು. ಸೆಲ್ ಪೆಟ್ಟಿಗೆಯ ಒಳಗೆ ಇನ್ನೊಂದು ಅಡಗಿತ್ತು. ಅದು ಗೊತ್ತಿಲ್ಲದೆ ಜಗ್ಗಿದ್ದಕ್ಕೆ ಒಳಗಿನ ಒಂದು ಪ್ಲಾಸ್ಟಿಕ್ ಕಂಬ ಮುರಿಯಿತು. ಆ ಟಕ್ ಎಂಬ ಸದ್ದು ನನ್ನನ್ನು ಒಂದು ವಾರ ಕೆಲಸ ಮುಟ್ಟದಂತೆ ಮಾಡಿತು. ಎರಡು ಟ್ಯೂಬಿನ ಎಪಾಕ್ಸಿ ಅಂಟಿನಿಂದ ಅದನ್ನು ಕೂರಿಸಿದೆ. ತಕ್ಷಣ ಹಿಡಿಯುವ ಅಂಟು ಇಂಥ ಕಂಬಗಳಿಗೆ ಆಗದು. ಸ್ಕ್ರೂ ಬಿಗಿಯುವಾಗ ಮತ್ತೆ ಬಿಡುತ್ತದೆ. ಬಾರದಿದ್ದರೆ ಜಗ್ಗಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಇದೆ ಎಂದೇ ತಿಳಿಯಿರಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಸ್ಕ್ರೂಗಳನ್ನು ಒಂದು ರಟ್ಟಿನ ಮೇಲೆ ಸೆಟ್ಟಿನ ಆಕಾರ ಬರೆದು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಯಾವುದು ಎಲ್ಲಿಯದು ಎಂಬ ಗೊಂದಲವಿರದು.

ಒಳಗೆ ಹಲ್ಲಿ ಮೊಟ್ಟೆಯ ಚಿಪ್ಪುಗಳಿದ್ದವು, ಅಟ್ಟದ ಕರಿ ಇತ್ತು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಲು ಅರ್ಧ ದಿನ ಹಿಡಿಯಿತು. ಬೆಲ್ಟ್ ಇರಬೇಕಾದಲ್ಲಿ ಬೆಲ್ಟ್ ಇರಲಿಲ್ಲ. ಡಾಂಬರಿನಂಥ ಕಪ್ಪು ಅಂಟು ಮೋಟಾರಿನ ಗಾಲಿಗೂ ಅದು ತಿರುಗಿಸುವ ಭಾರದ ಚಕ್ರಕ್ಕೂ (ಫ್ಲೈವೀಲ್) ಮೆತ್ತಿಕೊಂಡಿತ್ತು. ಹಳೆಯ ರಬ್ಬರು ವಯಸ್ಸಾದಾಗ ಹೀಗೆ ಕರಗುತ್ತದೆ. ಕೈಗೆ ಹತ್ತಿದರೆ ಸಾಬೂನಿಗೆ ಬಗ್ಗದು, ಬಟ್ಟೆಗೆ ಹತ್ತಿದರೆ ಹೋಗುವುದೇ ಇಲ್ಲ. ಕೈಗವಸು ಹಾಕಿಕೊಂಡು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು. ನನಗೆ ಸುಮಾರು ಎಂಬತ್ತು ಕಡ್ಡಿಗಳು ಬೇಕಾದವು. ಗಾಲಿಯ ಹಳ್ಳದಲ್ಲಿ ಒಂದು ಚುಕ್ಕೆ ಉಳಿದರೂ ಹೊಸ ಬೆಲ್ಟ್ ಪ್ರತಿ ಸುತ್ತಿಗೂ ಅಲ್ಲಿ ಎಗರುತ್ತದೆ, ಹಾಡು ನಡುಗುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರಿನ ಅಂಶ ಹೆಚ್ಚಿರಬಹುದು. 99 ಶೇಕಡಾದ್ದನ್ನು ಕೇಳಿ ತನ್ನಿ. ಕಿಟಕಿ ತೆರೆದಿಡಿ, ಹತ್ತಿರ ದೀಪ ಹಚ್ಚಬೇಡಿ.

ಅತಿ ಹೆಚ್ಚು ಕಾಯಿಸಿದ್ದು ಬೆಲ್ಟ್. ಹಳೆಯದು ಕರಗಿದ್ದರಿಂದ ಅಳತೆಗೆ ಏನೂ ಉಳಿದಿರಲಿಲ್ಲ. ಹಲವು ಅಳತೆಗಳ ಒಂದು ಕಟ್ಟನ್ನು 320 ರೂಪಾಯಿಗೆ ಆನ್‌ಲೈನಿನಲ್ಲಿ ತರಿಸಿದೆ. ಹತ್ತೊಂಬತ್ತು ದಿನ ಕಾದು ಕೈಗೆ ಬಂದ ಕಟ್ಟಿನಲ್ಲಿ ಒಂದೂ ಹೊಂದಲಿಲ್ಲ. ಆಗ ಬುದ್ಧಿಗೆ ಹೊಳೆದದ್ದನ್ನು ಮೊದಲೇ ಮಾಡಬೇಕಿತ್ತು: ಬೆಲ್ಟ್ ಹಾಯುವ ದಾರಿಯಲ್ಲೇ ಹೊಲಿಗೆ ನೂಲನ್ನು ಬಿಗಿಯಾಗಿ ಸುತ್ತಿ ಅದರ ಉದ್ದ ಅಳೆಯುವುದು. ನನ್ನ ನೂಲು 252 ಮಿಲಿಮೀಟರ್ ಬಂತು. ಬೆಲ್ಟ್ ಸ್ವಲ್ಪ ಎಳೆದು ಕೂರಬೇಕಾದ್ದರಿಂದ ಅದರಲ್ಲಿ ಐದು ಶೇಕಡಾ ಕಳೆಯಬೇಕು. ಹಾಗಾಗಿ ಸುತ್ತಳತೆ 240 ಮಿಲಿಮೀಟರ್. ಆ ಚೀಟಿ ಹಿಡಿದು ಎಸ್‌ಪಿ ರಸ್ತೆಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬುದು ಅದರ ಪೂರ್ತಿ ಹೆಸರು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗವೆಂದರೆ ಅದೇ. ನಾಲ್ಕು ಅಂಗಡಿಗಳಲ್ಲಿ ತಲೆಯಾಡಿಸಿದರು. ಐದನೆಯ ಅಂಗಡಿಯ ಹಿರಿಯರು ಚೀಟಿ ನೋಡಿ, ಮೇಲಿನ ಸಾಲಿನಿಂದ ಒಂದು ಸಿಗರೇಟಿನ ತಗಡಿನ ಡಬ್ಬ ಇಳಿಸಿದರು. ಒಳಗೆ ತರಾವರಿ ಬೆಲ್ಟ್‌ಗಳು, ಪೌಡರ್ ಹಾಕಿ ಇಟ್ಟದ್ದು. ಅವರು ಬೆಲ್ಟನ್ನು ಮಡಚಿ, ಸ್ಕೇಲಿನ ಮೇಲಿಟ್ಟು 120 ಎಂದು ಓದಿದರು. ಸುತ್ತಳತೆ ಮತ್ತು ಮಡಚಿದ ಉದ್ದ, ಈ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಮೋಟಾರಿನಿಂದ ಫ್ಲೈವೀಲಿಗೆ ಒಂದು, ಸುರುಳಿ ಮುಂದೋಡಿಸಲು ಒಂದು, ಅಂಕಿಗಳ ಕೌಂಟರಿಗೆ ಒಂದು. ಮೂರಕ್ಕೆ 180 ರೂಪಾಯಿ. ಅಳತೆ ಸರಿಬಾರದಿದ್ದರೆ ಬದಲಿಸಿಕೊಡುತ್ತೇನೆ ಎಂದರು. ಬದಲಿಸುವ ಅಗತ್ಯ ಬೀಳಲಿಲ್ಲ.

ಯಂತ್ರದ ಉಳಿದ ಭಾಗಕ್ಕೆ ಎರಡು ವಾರಾಂತ್ಯ ಸಾಕಾಯಿತು. ಜೇನುಮೇಣದಂತೆ ಗಟ್ಟಿಯಾಗಿದ್ದ ಗ್ರೀಸನ್ನು ತೆಗೆದು, ಜಾರುವ ಜಾಗಗಳಿಗೆ ಹೊಸದನ್ನು ತೆಳ್ಳಗೆ ಹಚ್ಚಿದೆ. ಟೇಪನ್ನು ಎಳೆಯುವ ಉಕ್ಕಿನ ಸರಳಿನ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿಯ ತುದಿಯಲ್ಲಿ ಒಂದೇ ಹನಿ. ಎರಡನೆಯ ಹನಿ ಬೆಲ್ಟಿಗೆ ಇಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಆ ಸರಳಿಗೆ ಒತ್ತಿಕೊಳ್ಳುವ ರಬ್ಬರ್ ರೋಲರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪು ಎಂದರೆ ಹಿಡಿತ ಹೋಗಿದೆ ಎಂದರ್ಥ. ಟೇಪ್ ನುಂಗುವ ಕಾಯಿಲೆ ಅಲ್ಲಿಂದಲೇ ಶುರು. ಅತಿ ನುಣುಪಾದ ಉಜ್ಜುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಸಾಬೂನು ನೀರಿನಿಂದ ತೊಳೆದೆ. ಟೇಪಿನ ಧ್ವನಿಯನ್ನು ಓದುವ ಹೆಡ್ಡನ್ನು ಆಲ್ಕೊಹಾಲಿನಿಂದ ಒರೆಸಿದಾಗ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅದು ಎಂದೋ ಹಾಡಿದ ಟೇಪ್‌ಗಳ ಪುಡಿ.

ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಹೆಡ್ಡಿನ ಓರೆಯನ್ನು ತಿದ್ದಲು. ದಯವಿಟ್ಟು ಅದನ್ನು ಮುಟ್ಟಬೇಡಿ. ಕ್ಯಾಸೆಟ್ಟಿನ ಟೇಪ್ 3.81 ಮಿಲಿಮೀಟರ್ ಅಗಲ, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಷ್ಟು ಕಿರಿದಾದ, ನಿಧಾನವಾದ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಓರೆಯಾದರೂ ತಾಳದ ಚಿನ್ ಎನ್ನುವ ಸ್ವರ ಮಂಕಾಗುತ್ತದೆ. ನಮ್ಮ ಏಳು ಕ್ಯಾಸೆಟ್‌ಗಳು ಧ್ವನಿ ತುಂಬಿಕೊಂಡದ್ದು ಇದೇ ಹೆಡ್ಡಿನಿಂದ, ಇದೇ ಓರೆಯಲ್ಲಿ. ಆ ಓರೆ ಸರಿಯೋ ತಪ್ಪೋ, ಅವುಗಳನ್ನು ಅತ್ಯಂತ ಚೆನ್ನಾಗಿ ಓದಬಲ್ಲದ್ದು ಇದೇ ಹೆಡ್. ಬೇರೆ ಪ್ಲೇಯರ್ ಕೊಂಡರೆ ಸಾಲದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಮನೆಯ ಧ್ವನಿಮುದ್ರಿಕೆಗಳಿದ್ದರೆ, ಅವನ್ನು ಮಾಡಿದ ಸೆಟ್ ಇನ್ನೂ ಇದ್ದರೆ, ಮೊದಲು ಅದನ್ನು ಉಳಿಸಿಕೊಳ್ಳಿ.

ಜುಲೈ ಎರಡನೆಯ ವಾರ ವಿದ್ಯುತ್ತಿನ ಸರದಿ ಬಂತು. ನೇರವಾಗಿ ಪ್ಲಗ್ಗಿಗೆ ಕೊಡದೆ, ಹಳೆಯ ರೇಡಿಯೊ ರಿಪೇರಿಯವರು ಮಾಡುತ್ತಿದ್ದಂತೆ ಸೀರೀಸ್ ಲ್ಯಾಂಪ್ ಕಟ್ಟಿದೆ. ಸೆಟ್ಟಿಗೆ ಹೋಗುವ ಒಂದು ತಂತಿಯ ದಾರಿಯಲ್ಲಿ 60 ವಾಟಿನ ತಂತಿ ಬಲ್ಬು. ಎಲ್ಇಡಿ ಬಲ್ಬು ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಸೆಟ್ಟನ್ನು ಕಾಯುತ್ತದೆ; ಇಲ್ಲದಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ನಮ್ಮದು ಮಿಂಚಿ ಮಂಕಾಯಿತು. ನಲವತ್ತು ವರ್ಷದ ಹಿಂದಿನ ಟ್ರಾನ್ಸ್‌ಫಾರ್ಮರ್ ಜೀವಂತವಾಗಿದೆ ಎಂದು ತಿಳಿದ ಆ ಕ್ಷಣ ನಾನು ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: ‘ಗುಂಡಿ ನೋಡಿದೆಯಲ್ಲ?’ ಮನೆಯ ಕರೆಂಟಿನ ಜೊತೆ ಮಾಡುವ ಈ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಥವಾ ಸೆಲ್‌ಗಳಲ್ಲೇ ಪರೀಕ್ಷಿಸಿ. ಎಂಟು ಸೆಲ್ ಅಂದರೆ 12 ವೋಲ್ಟ್ ಅಷ್ಟೇ, ಅಪಾಯವಿಲ್ಲ.

ಬಲಗಡೆಯ ಸ್ಪೀಕರಿನಲ್ಲಿ ಜೋರಾದ ಗುಂಯ್ ಸದ್ದು, ಎಡಗಡೆಯದು ಪೂರ್ತಿ ಮೌನ. ಗುಂಯ್ ಸದ್ದಿಗೆ ಕಾರಣ ಸುಲಭವಾಗಿ ಸಿಕ್ಕಿತು. ಕರೆಂಟನ್ನು ನೇರಗೊಳಿಸಿ ಅಲೆಗಳನ್ನು ಅಡಗಿಸುವ ದೊಡ್ಡ ಕೆಪಾಸಿಟರ್ ಒಣಗಿತ್ತು. 2200 ಮೈಕ್ರೊಫ್ಯಾರಡ್, 16 ವೋಲ್ಟಿನದು. ಅದೇ ಮೈಕ್ರೊಫ್ಯಾರಡಿನ 25 ವೋಲ್ಟಿನದನ್ನು ಹಾಕಿದೆ. ವೋಲ್ಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿರಬಾರದು. ಪ್ಲಸ್ ಮೈನಸ್ ತಿರುವುಮುರುವಾದರೆ ಸಿಡಿಯುತ್ತದೆ. ಎಲ್ಲ ಕೆಪಾಸಿಟರ್‌ಗಳನ್ನೂ ಸಾರಾಸಗಟಾಗಿ ಬದಲಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ನಾನು ಒಪ್ಪುವುದಿಲ್ಲ. ಹಳೆಯ ಬೋರ್ಡಿನ ತಾಮ್ರದ ಗೆರೆಗಳು ಬಿಸಿಗೆ ಎದ್ದುಬರುತ್ತವೆ. ಕೆಟ್ಟಿದೆ ಎಂದು ಕಂಡದ್ದನ್ನಷ್ಟೇ ಬದಲಿಸಿ. ನಾನು ಒಟ್ಟು ಐದನ್ನು ಬದಲಿಸಿದೆ, 140 ರೂಪಾಯಿಗೆ.

ಎಡಗಡೆಯ ಮೌನ ಹದಿನೇಳು ದಿನ ಕಾಡಿತು. ಸ್ಪೀಕರ್ ಬದಲಾಯಿಸಿ ನೋಡಿದೆ, ಸರಿ ಇತ್ತು. ಧ್ವನಿ ಹೆಚ್ಚಿಸುವ ಐಸಿಯ ಕಾಲುಗಳಲ್ಲಿ ವೋಲ್ಟ್ ಸರಿಯಿತ್ತು. ಧ್ವನಿಮುದ್ರಣಕ್ಕೂ ಕೇಳುವುದಕ್ಕೂ ದಾರಿ ಬದಲಿಸುವ ಉದ್ದನೆಯ ಜಾರುಸ್ವಿಚ್ಚಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಐವತ್ತು ಬಾರಿ ಹಿಂದೆ ಮುಂದೆ ಆಡಿಸಿದೆ. ಕರಕರ ಶಬ್ದ ನಿಂತಿತು, ಮೌನ ನಿಲ್ಲಲಿಲ್ಲ. ಐಸಿಯೇ ಹೋಗಿರಬೇಕೆಂದು ಅದರ ಸಂಖ್ಯೆ ಬರೆದುಕೊಂಡು ಎಸ್‌ಪಿ ರಸ್ತೆಗೆ ಮತ್ತೆರಡು ಸಲ ಹೋದೆ. ಸಿಗಲಿಲ್ಲ. ಮೂರನೆಯ ಭಾನುವಾರ ಬೇಸರದಲ್ಲಿ ಸುಮ್ಮನೆ ಸೆಟ್ಟನ್ನು ತಿರುಗಿಸಿ ನೋಡುತ್ತಿದ್ದಾಗ ಹೆಡ್‌ಫೋನಿನ ತೂತು ಮಣ್ಣಿನಿಂದ ಮುಚ್ಚಿರುವುದು ಕಂಡಿತು. ಕುಂಬಾರ ಹುಳು ಗೂಡು ಕಟ್ಟಿತ್ತು. ನಮ್ಮ ಕಡೆ ಬೀಗದ ತೂತನ್ನೂ ಪ್ಲಗ್ಗಿನ ತೂತನ್ನೂ ಬಿಡದ ಹುಳು ಅದು. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರನ್ನು ಕಡಿದುಹಾಕಲು ಆ ತೂತಿನೊಳಗೆ ಎರಡು ತಗಡಿನ ನಾಲಿಗೆಗಳಿರುತ್ತವೆ. ಎಡಗಡೆಯ ನಾಲಿಗೆಯನ್ನು ಮಣ್ಣು ನಲವತ್ತು ವರ್ಷದಲ್ಲಿ ಯಾವಾಗಲೋ ಎತ್ತಿ ಹಿಡಿದಿತ್ತು. ಹಲ್ಲುಕಡ್ಡಿಯಿಂದ ಮಣ್ಣು ಕೆದಕಿ, ಕ್ಲೀನರ್ ಹಾಕಿ, ಹೆಡ್‌ಫೋನ್ ಪಿನ್ನನ್ನು ಹತ್ತು ಸಲ ಒಳಗೆ ಹೊರಗೆ ಮಾಡಿದೆ. ಎಡಗಡೆಯ ಸ್ಪೀಕರಿನಿಂದ ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಮಾತನಾಡಿತು. ಒಂದು ಕಡೆ ಸದ್ದಿಲ್ಲವೆಂದರೆ ಐಸಿ ಹುಡುಕಲು ಓಡುವ ಮೊದಲು ಹೆಡ್‌ಫೋನಿನ ತೂತನ್ನು ನೋಡಿ.

ಮೊದಲು ಹಾಡಿಸಿದ್ದು ಗುಜರಿಯಿಂದ ತಂದ, ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್. ಅದನ್ನು ಸೆಟ್ ನುಂಗಲಿಲ್ಲ. ವೇಗ ಮಾತ್ರ ಹೆಚ್ಚಾಗಿತ್ತು. ವೇಗ ಸರಿಪಡಿಸಲು 3000 ಹರ್ಟ್ಸಿನ ಸ್ವರ ತುಂಬಿದ ಪರೀಕ್ಷಾ ಕ್ಯಾಸೆಟ್ 650 ರೂಪಾಯಿಗೆ ತರಿಸಿದೆ. ಅದನ್ನು ಹಾಕಿ, ಸ್ವರದ ಎತ್ತರ ತೋರಿಸುವ ಆ್ಯಪ್ ಇರುವ ಮೊಬೈಲನ್ನು ಸ್ಪೀಕರಿನ ಮುಂದೆ ಇಟ್ಟು, ಮೋಟಾರಿನ ಬೆನ್ನಿನ ಸಣ್ಣ ತೂತಿನೊಳಗಿನ ಸ್ಕ್ರೂವನ್ನು ತಿರುಗಿಸಬೇಕು. ಗಡಿಯಾರದ ಮುಳ್ಳಿನ ಒಂದು ನಿಮಿಷದಷ್ಟು ತಿರುಗಿಸಿದರೂ ಸ್ವರ ಜಿಗಿಯುತ್ತದೆ. 3140ರಿಂದ ಇಳಿಸಿ 3000ದ ಆಸುಪಾಸಿಗೆ ತರಲು ಒಂದು ಗಂಟೆ ಬೇಕಾಯಿತು. ಸೆಟ್ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಿ. ಅರ್ಧ ಗಂಟೆಯಲ್ಲಿ ಸ್ವಲ್ಪ ಬದಲಾಗುತ್ತದೆ.

ಇನ್ನು ನಮ್ಮ ಕ್ಯಾಸೆಟ್‌ಗಳು. ಅವುಗಳಲ್ಲಿ ಮೂರು ಕ್ಯಾಸೆಟ್‌ಗಳ ಸುರುಳಿಯಂಚಿನಲ್ಲಿ ಬಿಳಿ ಬೂಷ್ಟು ಹತ್ತಿತ್ತು. ಕರಾವಳಿಯ ತೇವಕ್ಕೆ ಇದು ತಪ್ಪದು. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಎರಡು ವಾರ ಇಟ್ಟು ಒಣಗಿಸಿದೆ. ಆಮೇಲೆ ತಾರಸಿಯಲ್ಲಿ, ಮುಖಕ್ಕೆ ಮಾಸ್ಕ್ ಕಟ್ಟಿ, ಪೆನ್ಸಿಲ್ ತೂರಿಸಿ ಕೈಯಿಂದಲೇ ನಿಧಾನವಾಗಿ ಸುತ್ತುತ್ತ ಒಣ ಬಟ್ಟೆಗೆ ಬೂಷ್ಟನ್ನು ತೆಗೆದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಸೆಟ್ಟಿನಲ್ಲಿ ವೇಗವಾಗಿ ಓಡಿಸಬೇಡಿ. ಅಂಟಿಕೊಂಡ ಪದರ ಹರಿಯುತ್ತದೆ. ಎರಡರಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಉಣ್ಣೆಯ ತುಂಡು ಅಂಟು ಒಣಗಿ ಬಿದ್ದಿತ್ತು. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಆ ಸುರುಳಿಗಳನ್ನು ಬದಲಾಯಿಸಿದೆ. ಅಂಥ ಹಳೆಯ ಖಾಲಿ ಕ್ಯಾಸೆಟ್ ಐದಕ್ಕೆ 500 ರೂಪಾಯಿ. ಚಿಕ್ಕಪ್ಪನ ಅಂಕಿಯ ಚೀಟಿಗಳನ್ನು ಹೊಸ ಕವಚಕ್ಕೂ ಅಂಟಿಸಿದೆ. ಮತ್ತೊಂದು ಮುಖ್ಯ ಮಾತು: ಕ್ಯಾಸೆಟ್ಟಿನ ಬೆನ್ನಿನಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದ ಮೇಲೆ ಸೆಟ್ ಅದರ ಮೇಲೆ ಬೇರೆ ಧ್ವನಿ ತುಂಬಲಾರದು. ಬೆರಳು ತಪ್ಪಿ ಕೆಂಪು ಗುಂಡಿ ಒತ್ತಿದರೆ ಅಳಿದದ್ದು ಮರಳಿ ಬಾರದು. ಮೊದಲ ಬಾರಿ ಸೆಟ್ಟಿಗೆ ಹಾಕುವ ಮುನ್ನವೇ ಅವನ್ನು ಮುರಿಯಿರಿ.

ಆಗಸ್ಟ್ ಮೂರನೆಯ ವಾರ, 850 ರೂಪಾಯಿಯ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಸೆಟ್ಟಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಒಂದನೆಯ ಕ್ಯಾಸೆಟ್ ಹಾಕಿದೆ. ಮೊದಲು ಕೇಳಿದ್ದು ಮಳೆ. ಹಂಚಿನ ಮಾಡಿನ ಮೇಲೆ ಆಟಿಯ ಮಳೆ, ಅದರ ಹಿಂದೆ ಕಪ್ಪೆಗಳು, ಯಾರೋ ಕೆಮ್ಮಿದರು. ಆಮೇಲೆ ಚೆಂಡೆಯಿಲ್ಲದೆ ಬರೀ ಮದ್ದಳೆ, ಹಾಡುಗಾರರಾದ ಭಾಗವತರ ಗಣಪತಿ ಸ್ತುತಿ. ನಾನು ಕುರ್ಚಿಯಿಂದ ಏಳಲಿಲ್ಲ, ಮೊದಲ ಬದಿ ಮುಗಿಯುವವರೆಗೂ.

ಆರು ಕ್ಯಾಸೆಟ್ ಹಾಗೆಯೇ ಚೆನ್ನಾಗಿ ಬಂದವು. ಏಳನೆಯದರ ಎರಡನೆಯ ಬದಿಯನ್ನು ಅಪ್ಪನಿಗೆ ಫೋನಿನಲ್ಲೇ ಕೇಳಿಸಿದೆ, ಅದರಲ್ಲಿ ಅವರ ಶಲ್ಯ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ನಾನಲ್ಲ. ಭಾಗವತರ ಶ್ರುತಿಯೂ ಇದಲ್ಲ’ ಎಂದರು. ಗಮನವಿಟ್ಟು ಕೇಳಿದರೆ ಅವರ ಮಾತು ನಿಜ. ಬದಿಯ ಆರಂಭದಲ್ಲಿ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡರಲ್ಲಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಮೆಲ್ಲಮೆಲ್ಲನೆ ಏರುತ್ತ ಬಿಳಿ ನಾಲ್ಕನ್ನು ಮುಟ್ಟಿತ್ತು. ಧ್ವನಿಗಳೆಲ್ಲ ತೆಳ್ಳಗಾಗಿ, ಶಲ್ಯ ಬಾಲಕನಂತೆ ಮಾತನಾಡುತ್ತಿದ್ದ.

ಮೋಟಾರು ಕೆಡುತ್ತಿದೆ ಎಂದು ಎದೆ ಕುಸಿಯಿತು. ಸೆಟ್ಟನ್ನು ಮತ್ತೆ ಬಿಚ್ಚಿದೆ. ಬೆಲ್ಟ್ ಬದಲಿಸಿದೆ, ಸುರುಳಿ ಎಳೆಯುವ ಗಾಲಿಯ ಬಿಗಿ ನೋಡಿದೆ. ಎರಡು ವಾರಾಂತ್ಯ ಅದರಲ್ಲೇ ಹೋಯಿತು. ಕೊನೆಗೆ ಪರೀಕ್ಷಾ ಕ್ಯಾಸೆಟ್ಟನ್ನು ಒಂದು ಗಂಟೆ ಓಡಿಸಿ ನೋಡಿದರೆ 3000 ಅಲುಗಲಿಲ್ಲ. ಏಳನೆಯ ಕ್ಯಾಸೆಟ್ಟನ್ನು ಯಾವಾಗ ಹಾಕಿದರೂ ಶ್ರುತಿ ಏರತೊಡಗುವುದು ಅದೇ ಪದ್ಯದಲ್ಲಿ. ಅಂದರೆ ದೋಷ ಇಂದಿನ ಮೋಟಾರಿನದಲ್ಲ, ಅಂದಿನ ಟೇಪಿನದು. ಅಪ್ಪನಿಗೆ ಫೋನ್ ಮಾಡಿ ಅಂದು ಕರೆಂಟು ಇತ್ತೇ ಎಂದು ಕೇಳಿದೆ. ‘ಆಟಿಯ ಮಳೆಗೆ ಎಲ್ಲಿಯ ಕರೆಂಟು? ಗ್ಯಾಸ್‌ಲೈಟಿನಲ್ಲಿ ಕುಳಿತದ್ದು. ಸೆಟ್ ಸೆಲ್‌ನಲ್ಲೇ ನಡೆದದ್ದು’ ಎಂದರು. ರಾತ್ರಿಯಿಡೀ ಓಡಿದ ಸೆಲ್‌ಗಳು ಬೆಳಗಿನ ಜಾವಕ್ಕೆ ಇಳಿದಿವೆ, ಮೋಟಾರು ನಿಧಾನವಾಗಿದೆ. ನಿಧಾನವಾಗಿ ಓಡುವ ಟೇಪಿನ ಮೇಲೆ ತುಂಬಿದ ಧ್ವನಿಯನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಅದು ಏರಿಯೇ ಕೇಳಬೇಕು. ನಾನು ಸರಿಪಡಿಸಿದ ಸೆಟ್ ಸರಿಯಾಗಿಯೇ ಇತ್ತು.

ಸೆಟ್ಟಿನ ವೇಗವನ್ನು ಇದಕ್ಕೋಸ್ಕರ ಕದಲಿಸಬೇಡಿ. ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸಿ, ತಿದ್ದುಪಡಿಯನ್ನು ಅದರ ಪ್ರತಿಯ ಮೇಲೆ ಮಾಡಿ. ಅಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಭಾಗವತರ ಹಿಂದೆ ಎಡೆಬಿಡದೆ ಹರಿಯುವ ಶ್ರುತಿಯೇ ನನಗೆ ಅಳತೆಗೋಲಾಯಿತು. ಎರಡೆರಡು ನಿಮಿಷದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ವೇಗವನ್ನು ಶ್ರುತಿ ಕಪ್ಪು ಎರಡಕ್ಕೆ ಕೂರುವವರೆಗೆ ಇಳಿಸಿದೆ. ಬದಿಯ ಒಟ್ಟು ಉದ್ದ ಒಂದು ನಿಮಿಷಕ್ಕೂ ಹೆಚ್ಚು ಬೆಳೆಯಿತು. ಬಾಲಕ ಮಾಯವಾಗಿ, ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ ಮೂವತ್ತರ ಹರೆಯದ ನನ್ನ ಅಪ್ಪ ಮಾತನಾಡಿದರು.

ಖರ್ಚು ಒಟ್ಟು 3,730 ರೂಪಾಯಿ, ಬಸ್ಸಿನದು ಬಿಟ್ಟು. ಮೇಲೆ ಹೇಳಿದವುಗಳ ಜೊತೆ ಆಲ್ಕೊಹಾಲ್ 280, ಕಾಂಟ್ಯಾಕ್ಟ್ ಕ್ಲೀನರ್ 390, ಸೀರೀಸ್ ಲ್ಯಾಂಪಿನ ಸಾಮಾನು 200, ಉಳಿದದ್ದು ಅಂಟು ಮತ್ತು ಬೆಸುಗೆಯ ಸಣ್ಣಪುಟ್ಟ. ಅವಸರಪಟ್ಟು ತರಿಸಿದ ಬೆಲ್ಟಿನ ಕಟ್ಟು ಬಿಟ್ಟರೆ ವ್ಯರ್ಥವಾದದ್ದು ಏನೂ ಇಲ್ಲ. ಡಯಲಿನ ದೀಪ ಇನ್ನೂ ಹತ್ತಿಲ್ಲ. ಅದರ ಸಣ್ಣ ಬಲ್ಬನ್ನು ಹುಡುಕುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ಸೆಟ್ಟನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ಹೋದೆ. ಚಾವಡಿಯಲ್ಲಿ ಅಪ್ಪನ ಮುಂದೆ ಏಳನೆಯ ಕ್ಯಾಸೆಟ್ ಹಾಕಿದೆ. ತಿದ್ದಿದ ಪ್ರತಿ ಮೊಬೈಲಿನಲ್ಲಿತ್ತು, ಆದರೆ ಅವರಿಗೆ ಟೇಪಿನದೇ ಬೇಕಾಗಿತ್ತು. ಶ್ರುತಿ ಏರುತ್ತ ಹೋಯಿತು. ಕರ್ಣ ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂದ. ಶಲ್ಯ ಸಿಟ್ಟಿನಿಂದ ಮಾತಿಗೆ ತೊಡಗಿದ. ಧ್ವನಿ ಹಕ್ಕಿಯ ಚಿಲಿಪಿಲಿಯಷ್ಟು ಸಣ್ಣದಾಗಿ ನಿಂತುಹೋಯಿತು. ಅಂದು ರಾತ್ರಿ ಸೆಲ್ ಮುಗಿದದ್ದು ಅಲ್ಲಿಗೆ. ಶಲ್ಯ ಇನ್ನೂ ರಥದಿಂದ ಇಳಿದಿರಲಿಲ್ಲ.

ಅಪ್ಪ ಒಂದು ಕ್ಷಣ ಸೆಟ್ಟನ್ನೇ ನೋಡಿದರು. ಆಮೇಲೆ ಉಳಿದ ಅರ್ಥವನ್ನು ತಾವೇ ಹೇಳತೊಡಗಿದರು. ನಾನು ತಡೆದೆ. ಹೊಸ ಎಂಟು ಸೆಲ್ ತಂದಿದ್ದೆ, ಖಾಲಿ ಕ್ಯಾಸೆಟ್ಟೂ ಇತ್ತು. ಎರಡನ್ನೂ ಹಾಕಿ, ಧ್ವನಿಮುದ್ರಣದ ಕೆಂಪು ಗುಂಡಿಯನ್ನು ಮೊದಲ ಬಾರಿಗೆ ಒತ್ತಿದೆ. ಸುರುಳಿ ತಿರುಗತೊಡಗಿತು. ಅಪ್ಪ ಗಂಟಲು ಸರಿಪಡಿಸಿಕೊಂಡು, ಶಲ್ಯನನ್ನು ರಥದಿಂದ ಇಳಿಸಿದರು.